ಹೈಡನ್ ಹಾಡುಗಳು: ಸರಳ ಅಂತ ಬದಿಗಿಟ್ಟಿದ್ದು ತಪ್ಪಲ್ವಾ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳಿಂದ ಒಂದು ಮಾತು ಮನಸ್ಸಿನಲ್ಲೇ ಕೊರೆಯುತ್ತಿದೆ. ಇಲ್ಲಿ ಪಾಶ್ಚಾತ್ಯ ಸಂಗೀತ ಕೇಳುವವರು, ಕಲಿಯುವವರು ತುಂಬ ಜನ ಇದ್ದೀರಿ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

18ನೇ ಶತಮಾನದ ಆಸ್ಟ್ರಿಯಾದ ಸಂಯೋಜಕ ಯೋಸೆಫ್ ಹೈಡನ್ ಅಂದರೆ ಸಿಂಫನಿ (ದೊಡ್ಡ ವಾದ್ಯವೃಂದದ ಕೃತಿ), ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ನೆನಪಾಗುತ್ತದೆ. ಪಿಯಾನೋ ಜೊತೆಗೆ ಒಬ್ಬರೇ ಹಾಡುವ ಹಾಡಿನ ವಿಷಯ ಬಂದರೆ ಎಲ್ಲರೂ ನೇರ ಅವನ ನಂತರದ ಸಂಯೋಜಕ ಶೂಬರ್ಟ್ ಹತ್ತಿರ ಹೋಗಿಬಿಡುತ್ತಾರೆ. ಶೂಬರ್ಟ್ ತನ್ನ ಗ್ರೆಚೆನ್ ಹಾಡು ಬರೆದದ್ದು 1814ರಲ್ಲಿ. ಅದಕ್ಕೆ 33 ವರ್ಷ ಮೊದಲೇ, 1781ರಲ್ಲಿ, ವಿಯೆನ್ನಾದ ಆರ್ಟಾರಿಯಾ ಪ್ರಕಾಶನ ಹೈಡನ್‌ನ 12 ಜರ್ಮನ್ ಹಾಡುಗಳನ್ನು ಅಚ್ಚು ಹಾಕಿತ್ತು. 1784ರಲ್ಲಿ ಇನ್ನೂ 12 ಬಂದವು. ಲಂಡನ್ನಿಗೆ ಹೋದ ಮೇಲೆ 1794 ಮತ್ತು 1795ರಲ್ಲಿ ಆರಾರು ಇಂಗ್ಲಿಷ್ ಹಾಡುಗಳು. ಬಿಡಿಯಾಗಿ ಬರೆದವು ಬೇರೆ ಇವೆ.

ನಾನು ಈ ಹಾಡುಗಳನ್ನು ಮೊದಲು ನುಡಿಸಿದ್ದು ಕ್ಲಾಸಿನಲ್ಲಿ. "ಇವು ಸುಲಭ, ಕೈ ಪಳಗುವುದಕ್ಕೆ ಚೆನ್ನಾಗಿವೆ" ಅಂತ ಹೇಳಿ ಕೊಟ್ಟರು. ಎರಡು ವಾರ ನುಡಿಸಿ ಮುಂದಕ್ಕೆ ಹೋದೆವು. ಹೋದ ವರ್ಷ ಅದೇ ಹಾಳೆ ಮತ್ತೆ ಕೈಗೆ ಸಿಕ್ಕಿತು. ಈ ಸಲ ಸುಮ್ನೆ ನುಡಿಸದೆ, ಹಾಡಿಕೊಂಡು ನುಡಿಸಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. 1781ರ ಹಾಡುಗಳು ಎರಡೇ ಸಾಲಿನ ಸ್ವರಲಿಪಿಯಲ್ಲಿವೆ. ಹಾಡುವವರಿಗೆ ಬೇರೆ ಸಾಲು ಇಲ್ಲ. ಬಲಗೈ ನುಡಿಸುವ ರಾಗವೇ ಬಾಯಲ್ಲಿ ಹಾಡುವ ರಾಗ. ಅಂದರೆ ಒಬ್ಬರೇ ಕೂತು, ತಾವೇ ನುಡಿಸಿಕೊಂಡು, ತಮಗೇ ಹಾಡಿಕೊಳ್ಳಬಹುದು. ಕೇಳುವವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಇದು ಬೇರೇನೂ ಬರೆಯಲು ಬಾರದೆ ಬಂದ ಸರಳತೆ ಅಲ್ಲ. ಅದೇ ವರ್ಷ ಹೈಡನ್ 33ನೇ ಕೃತಿಸಂಖ್ಯೆಯ, ಅಂದರೆ 33ನೇ ಓಪಸ್‌ನ ಕ್ವಾರ್ಟೆಟ್‌ಗಳನ್ನೂ ಬರೆದ. ಕಷ್ಟದ ಸಂಗೀತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಡು ಮಾತ್ರ ಹೀಗಿರಬೇಕು ಅಂತ ಯಾಕೆ ಅಂದುಕೊಂಡ? ನನಗನ್ನಿಸುವುದು ಇಷ್ಟು: ಆ ಸರಳತೆಯ ಹಿಂದೆ ಆ ಕಾಲದ ಒಂದು ನಂಬಿಕೆ ಇದೆ. ಮನೆಯಲ್ಲಿ ಕೂತು ಓದುವ, ಯೋಚಿಸುವ ಮನುಷ್ಯನ ಮೇಲಿನ ನಂಬಿಕೆ. ನೀವೇನಂತೀರಿ?


ಪದಪ್ರೇಮಿ

ಒಳ್ಳೆಯ ವಿಷಯ ಎತ್ತಿದಿರಿ. ನಾನು ಜರ್ಮನ್ ಸಾಹಿತ್ಯ ಓದಿದವನು, ಸಂಗೀತದಲ್ಲಿ ಕೇಳುಗ ಮಾತ್ರ. ಆ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ನೀವು ಹೇಳುವ ನಂಬಿಕೆಗೆ ಒಂದು ಊರು ಇದೆ, ಬರ್ಲಿನ್. ಅಲ್ಲಿ ಕ್ರಿಸ್ಟಿಯಾನ್ ಗಾಟ್‌ಫ್ರೀಡ್ ಕ್ರೌಸ ಅನ್ನುವ ವಕೀಲ 1752ರಲ್ಲಿ ಕಾವ್ಯ ಮತ್ತು ಸಂಗೀತದ ಬಗ್ಗೆ ಒಂದು ಪುಸ್ತಕ ಬರೆದ. ಹಾಡು ಯಾರು ಬೇಕಾದರೂ ಹಾಡುವ ಹಾಗಿರಬೇಕು, ವಾದ್ಯ ಇಲ್ಲದಿದ್ದರೂ ನಿಲ್ಲಬೇಕು ಅನ್ನುವುದು ಆ ಗುಂಪಿನ ವಾದ. ಮರುವರ್ಷ ಅದೇ ಮಾದರಿಯ ಹಾಡುಗಳ ಸಂಗ್ರಹ ಬಂತು. ಮೂವತ್ತು ವರ್ಷ ಆದಮೇಲೆ, 1782ರಲ್ಲಿ, ಶುಲ್ಟ್ಸ್ ಅನ್ನುವ ಸಂಯೋಜಕ ಜನಪದ ಧಾಟಿಯ ಹಾಡುಗಳನ್ನು ಪ್ರಕಟಿಸಿದ. ಹೊಸ ಹಾಡು ಕೇಳಿದಾಗಲೂ ಇದು ಮೊದಲೇ ಗೊತ್ತಿದ್ದದ್ದು ಅನ್ನಿಸಬೇಕು ಅನ್ನುವುದು ಅವನ ಆಸೆ. ಆ ಮಾತು ನನಗೆ ತುಂಬ ಇಷ್ಟ.

ಈಗ ವಿಯೆನ್ನಾ ನೋಡಿ. ಕ್ಯಾಥಲಿಕ್ ಊರು. ರಾಣಿ ಮರಿಯಾ ತೆರೇಸಾ ಕಾಲದಲ್ಲಿ ಪುಸ್ತಕಗಳ ಮೇಲೆ ಬಿಗಿಯಾದ ಕಣ್ಗಾವಲು ಇತ್ತು. ಹಾಡು ಅಂದರೆ ಇಟಾಲಿಯನ್ ಅನ್ನುವ ಹಾಗಿತ್ತು. 1778ರಲ್ಲಿ ಆಕೆಯ ಮಗ, ಚಕ್ರವರ್ತಿ ಎರಡನೇ ಯೋಸೆಫ್ ಜರ್ಮನ್ ಭಾಷೆಯ ಗೀತನಾಟಕಕ್ಕೆ ರಂಗಮಂದಿರ ಕೊಟ್ಟ. ಅದೇ ವರ್ಷ ಯೋಸೆಫ್ ಆಂಟನ್ ಸ್ಟೆಫಾನ್‌ನ ಜರ್ಮನ್ ಹಾಡುಗಳ ಪುಸ್ತಕ ಬಂತು. ವಿಯೆನ್ನಾದಲ್ಲಿ ಇಂಥ ಸಂಗ್ರಹ ಅದೇ ಮೊದಲು. 1780ರ ಕೊನೆಗೆ ತಾಯಿ ತೀರಿಕೊಂಡು ಯೋಸೆಫ್ ಒಬ್ಬನೇ ಆಳತೊಡಗಿದ. 1781ರಲ್ಲಿ ಸೆನ್ಸಾರ್ ಸಡಿಲವಾಯಿತು, ಬೇರೆ ಪಂಗಡದವರ ಪೂಜೆಗೆ ಅವಕಾಶ ಸಿಕ್ಕಿತು, ಜೀತದ ಕಟ್ಟು ಸಡಿಲಿಸುವ ಆಜ್ಞೆ ಬಂತು. ಹೈಡನ್‌ನ ಮೊದಲ 12 ಹಾಡು ಹೊರಬಂದದ್ದೂ ಆ ವರ್ಷವೇ.

ಆ ಪುಸ್ತಕಗಳಲ್ಲಿರುವ ಕವಿಗಳು ಯಾರು? ಗ್ಲೈಮ್, ವೈಸ, ಲೆಸಿಂಗ್, ಬ್ಯೂರ್ಗರ್ ಮೊದಲಾದವರು. ಈ ನಾಲ್ವರೂ ಉತ್ತರದ ಪ್ರಾಟೆಸ್ಟೆಂಟ್ ನಾಡಿನವರು. ಹಾಡಿನ ಮೂಲಕ ಅವರ ಪದಗಳು ವಿಯೆನ್ನಾದ ನಡುಮನೆಗೆ ಬಂದವು. ದಾರ್ಶನಿಕ ಕ್ಯಾಂಟ್ ಜ್ಞಾನೋದಯ (ತನ್ನ ಬುದ್ಧಿಯಿಂದಲೇ ಯೋಚಿಸಬೇಕು ಅನ್ನುವ ಆ ಕಾಲದ ವಿಚಾರಧಾರೆ) ಅಂದರೆ ಏನು ಅಂತ ಬರೆದ ಲೇಖನ ಅಚ್ಚಾದದ್ದು 1784ರ ಡಿಸೆಂಬರ್‌ನಲ್ಲಿ. ಅದೇ ವರ್ಷ ಹೈಡನ್‌ನ ಎರಡನೇ ಕಂತು. ಒಂದರಿಂದ ಒಂದು ಹುಟ್ಟಿತು ಅಂತ ಹೇಳುತ್ತಿಲ್ಲ. ಎರಡೂ ಒಂದೇ ಗಾಳಿಯಲ್ಲಿ ಬೆಳೆದವು ಅಷ್ಟೆ.


ಕಾವೇರಿತೀರ

ಇತಿಹಾಸ ಸರಿ. ಆದರೆ ಹಾಡು ಹಾಡಾಗಿ ನಿಲ್ಲಬೇಕಲ್ವಾ? ನಾನು ಒಪ್ಪುವುದಿಲ್ಲ.

24 ಜರ್ಮನ್ ಹಾಡುಗಳ ಪದ್ಯ ಓದಿ ನೋಡಿ. ಪ್ರೇಮದೇವತೆ ಕ್ಯುಪಿಡ್, ಕುರುಬರ ಹುಡುಗಿ, ಮೊದಲ ಮುತ್ತು, ಬಾಗಿಲು ತೆಗೆಯದ ಹುಡುಗಿ, ತಡವಾಗಿ ಬಂದ ತಾಯಿ. ಜರ್ಮನ್ ಮಹಾಕವಿ ಗ್ಯೋಥೆಯದು ಒಂದೂ ಇಲ್ಲ. ಮೊಜಾರ್ಟ್ ಕಡಿಮೆ ಹಾಡು ಬರೆದರೂ 1785ರಲ್ಲಿ ಗ್ಯೋಥೆಯ ನೇರಳೆ ಹೂವಿನ ಕವಿತೆ ಹಿಡಿದ. ಆ ಪುಟ್ಟ ಹಾಡಿನಲ್ಲಿ ಒಂದು ನಾಟಕವೇ ನಡೆಯುತ್ತದೆ. ಪ್ರತಿ ನುಡಿಗೂ ಸಂಗೀತ ಬದಲಾಗುತ್ತದೆ. ಹೈಡನ್ ಬಹಳ ಕಡೆ ಎಲ್ಲ ನುಡಿಗೂ ಒಂದೇ ಧಾಟಿ ಇಟ್ಟು ಕೈ ತೊಳೆದುಕೊಂಡ.

ಇನ್ನೊಂದು ಮಾತು. ಕರೋಲಿನ್ ಪಿಖ್ಲರ್ ಅನ್ನುವ ಲೇಖಕಿ ಹೈಡನ್, ಮೊಜಾರ್ಟ್ ಇಬ್ಬರನ್ನೂ ಹತ್ತಿರದಿಂದ ಬಲ್ಲವಳು. ಮಾತುಕತೆಯಲ್ಲಿ ಇಬ್ಬರಲ್ಲೂ ಅಂಥ ದೊಡ್ಡ ಬುದ್ಧಿ, ಓದು ಕಾಣಲಿಲ್ಲ ಅಂತ ಆಕೆಯೇ ನೆನಪುಗಳಲ್ಲಿ ಬರೆದಿದ್ದಾಳೆ. ಹಾಗಿದ್ದ ಮೇಲೆ ಆ ಹಾಡುಗಳಲ್ಲಿ ಜ್ಞಾನೋದಯ ಹುಡುಕುವುದು ನಾವೇ ತುಂಬಿಸಿ ನೋಡಿದ ಹಾಗಲ್ವಾ?


ಸಂಜೆಮಲ್ಲಿಗೆ

ಕಾವೇರಿತೀರ, ಪಿಖ್ಲರ್ ಹೆಸರು ಎತ್ತಿದ್ದು ಒಳ್ಳೆಯದಾಯಿತು. ಆಕೆಯ ತಂದೆ ಯಾರು ಗೊತ್ತಾ? ಫ್ರಾಂಟ್ಸ್ ಸಾಲೆಸ್ ಫಾನ್ ಗ್ರೈನರ್, ಆಸ್ಥಾನದ ಅಧಿಕಾರಿ. ತಾಯಿ ಶಾರ್ಲೊಟ್ಟ ಮರಿಯಾ ತೆರೇಸಾಗೆ ಪುಸ್ತಕ ಓದಿ ಹೇಳುತ್ತಿದ್ದವಳು. ಅವರ ಮನೆಯಲ್ಲಿ ಕವಿಗಳು, ವಿಜ್ಞಾನಿಗಳು, ಸಂಗೀತಗಾರರು ಸೇರುತ್ತಿದ್ದರು. ಹೈಡನ್ ಪದ್ಯ ಆರಿಸುವಾಗ ಸಲಹೆ ಕೇಳಿದ್ದು ಈ ಗ್ರೈನರ್‌ನನ್ನೇ. ಭಾವ ಸರಿಯಾಗಿ ಬಂತಾ ಅಂತ ಅವನ ಅಭಿಪ್ರಾಯಕ್ಕೆ ಕಾದ. ಓದು ಕಡಿಮೆ ಇದ್ದವನು, ಓದಿದವರನ್ನು ಕೇಳಿ ತಿಳಿದುಕೊಂಡ. ಇದರಲ್ಲಿ ಕೊರತೆ ಏನಿದೆ?

ಹೈಡನ್ ಈ ಹಾಡುಗಳನ್ನು ಹಗುರವಾಗಿ ತೆಗೆದುಕೊಂಡಿದ್ದ ಅನ್ನುವುದಕ್ಕೆ ಮಾತ್ರ ನನ್ನ ಹತ್ತಿರ ಬಲವಾದ ಉತ್ತರ ಇದೆ. 1781ರ ಜುಲೈನಲ್ಲಿ ಆರ್ಟಾರಿಯಾಗೆ ಬರೆದ ಕಾಗದ. ಅದರಲ್ಲಿ ಅವನು ಸಿಟ್ಟಾಗಿದ್ದಾನೆ. ಮೂರು ಪದ್ಯಗಳಿಗೆ ಹೋಫ್‌ಮನ್ ಅನ್ನುವ ಇನ್ನೊಬ್ಬ ಸಂಗೀತಗಾರ ಆಗಲೇ ರಾಗ ಹಾಕಿದ್ದ. ಅವು ಕೆಟ್ಟದಾಗಿವೆ, ಅವನು ದೊಡ್ಡವರ ಮುಂದೆ ನನ್ನನ್ನು ಕೀಳು ಮಾಡಲು ನೋಡುತ್ತಾನೆ, ವ್ಯತ್ಯಾಸ ತೋರಿಸಲೆಂದೇ ಅದೇ ಮೂರು ಪದ್ಯ ನಾನೂ ತೆಗೆದುಕೊಂಡೆ ಅನ್ನುತ್ತಾನೆ. ಅಚ್ಚಾಗುವ ಮೊದಲು ಯಾರಿಗೂ ನಕಲು ಕೊಡಬೇಡಿ, ಹಾಡಿಸಬೇಡಿ, ರಸಿಕರ ಮನೆಗಳಲ್ಲಿ ನಾನೇ ಕೂತು ಹಾಡುತ್ತೇನೆ ಅಂತಲೂ ಬರೆಯುತ್ತಾನೆ. ಇವು ಬರೀ ಹಾಡುಗಳೇ ಇರಬಹುದು, ಆದರೆ ಹೋಫ್‌ಮನ್‌ನ ಬೀದಿ ಹಾಡುಗಳಲ್ಲ ಅನ್ನುವುದು ಅವನ ಮಾತಿನ ಸಾರ.

ಆಗ ಅವನಿಗೆ 49 ವರ್ಷ. ಯುರೋಪಿನಲ್ಲೆಲ್ಲ ಹೆಸರು. ಅಂಥವನು ಕ್ಲಾವಿಯರ್ (ಪಿಯಾನೋದಂಥ ಕೀಲಿವಾದ್ಯ) ಮುಂದೆ ಕೂತು ಮನೆ ಮನೆಯಲ್ಲಿ ತನ್ನ ಹಾಡು ತಾನೇ ಹಾಡುತ್ತೇನೆ ಅನ್ನುತ್ತಾನೆ. ಹುಡುಗನಾಗಿದ್ದಾಗ ಸೇಂಟ್ ಸ್ಟೀಫನ್ ಚರ್ಚಿನಲ್ಲಿ ಹಾಡಿದ ಗಂಟಲು ಅದು. ಆಮೇಲೆ ಇಟಲಿಯ ಸಂಯೋಜಕ ಪೊರ್ಪೊರಾ ಹತ್ತಿರ ಕಲಿತದ್ದು. ಈ ಕಾಗದ ಓದಿದ ಮೇಲೆ ನನಗೆ ಆ ಎರಡು ಸಾಲಿನ ಹಾಳೆ ಬೇರೆ ಥರವೇ ಕಾಣತೊಡಗಿತು.


ಹಳೇಗ್ರಾಮಫೋನ್

ಒಂದು ಚಿಕ್ಕ ಸೇರ್ಪಡೆ. ಹಾಡುಗಳು 1781ರಲ್ಲೇ ಯಾಕೆ ಬಂದವು ಅನ್ನುವುದಕ್ಕೆ ಒಂದು ಲೌಕಿಕ ಕಾರಣವೂ ಇದೆ. 1761ರಲ್ಲಿ ಎಸ್ಟರ್‌ಹಾಜಿ ಅರಮನೆಗೆ ಸೇರುವಾಗ ಮಾಡಿದ ಕರಾರಿನಲ್ಲಿ ಅವನು ಬರೆದದ್ದನ್ನು ಹೊರಗೆ ಕೊಡುವ ಹಾಗಿರಲಿಲ್ಲ. 1779ರ ಹೊಸ ಕರಾರಿನಲ್ಲಿ ಆ ಷರತ್ತು ಬಿಟ್ಟುಹೋಯಿತು. ಕೂಡಲೇ ಆರ್ಟಾರಿಯಾ ಜೊತೆ ವ್ಯವಹಾರ ಶುರು. ಅರಮನೆಯ ಸಂಗೀತಗಾರ ಮೊದಲ ಸಲ ಗೊತ್ತೇ ಇಲ್ಲದ ಸಾವಿರಾರು ಮನೆಗಳಿಗೆ ಬರೆಯತೊಡಗಿದ. ಆರ್ಟಾರಿಯಾ 1780ರಲ್ಲಿ ಮೊದಲು ತಂದದ್ದು ಔಎನ್‌ಬ್ರುಗ್ಗರ್ ಸೋದರಿಯರಿಗೆ ಅರ್ಪಿಸಿದ ಆರು ಸೊನಾಟಾ (ಕೀಲಿವಾದ್ಯದ ಕೃತಿ). ಆ ಹುಡುಗಿಯರ ತಂದೆ ಯಾರು ಅಂದರೆ, ಎದೆಯ ಮೇಲೆ ಬೆರಳಿನಿಂದ ತಟ್ಟಿ ಶಬ್ದ ಕೇಳಿ ರೋಗ ಪತ್ತೆಮಾಡುವ ಕ್ರಮವನ್ನು 1761ರಲ್ಲಿ ಮೊದಲು ಬರೆದಿಟ್ಟ ವೈದ್ಯ. ಇಂದಿಗೂ ನಮ್ಮ ಡಾಕ್ಟರುಗಳು ಹಾಗೆ ತಟ್ಟುತ್ತಾರಲ್ಲ. ಆ ಕಾಲದ ಮನೆಗಳು ಹೀಗಿದ್ದವು. ಒಂದೇ ಸೂರಿನ ಕೆಳಗೆ ವೈದ್ಯ, ಪಿಯಾನೋ, ಪುಸ್ತಕ.


ಚುಕ್ಕಿತಾಳ

ನಾನು ಸುಗಮ ಸಂಗೀತ ಹಾಡುವವಳು. ನಾಲ್ಕು ವರ್ಷದಿಂದ ಪಾಶ್ಚಾತ್ಯ ಹಾಡನ್ನೂ ಕಲಿಯುತ್ತಿದ್ದೇನೆ. ಕಾವೇರಿತೀರ ಅವರ 'ಒಂದೇ ಧಾಟಿ' ಮಾತಿಗೆ ಉತ್ತರ ಹೇಳಬೇಕು ಅನ್ನಿಸಿತು.

ಎಲ್ಲ ಚರಣಕ್ಕೂ ಒಂದೇ ಧಾಟಿ ಇದ್ದರೆ ಕೆಲಸ ಮುಗಿಯಲಿಲ್ಲ. ಅರ್ಧ ಕೆಲಸ ಹಾಡುವವರ ಕೈಗೆ ಬಂತು ಅಂತ ಅರ್ಥ. ಅದೇ ಸ್ವರದಲ್ಲಿ ಎರಡನೇ ಚರಣ ಹಾಡುವಾಗ ಪದ ಬೇರೆ, ಉಸಿರು ಬೇರೆ, ಒತ್ತು ಬೇರೆ. ಇದು ಹಾಡಿದವರಿಗೆ ಗೊತ್ತು. ತಪ್ಪಿದರೆ ಹಾಡು ಸಪ್ಪೆ ಆಗುತ್ತದೆ, ನಿಜ. ಸರಿಯಾದರೆ ಅದೇ ರಾಗ ಮೂರನೇ ಸಲ ಬಂದಾಗ ಕೇಳುವವರ ಕಣ್ಣಲ್ಲಿ ನೀರು ಬರುತ್ತದೆ. ಹೈಡನ್ ಪ್ರಕಾಶಕರಿಗೆ "ನಾನೇ ಹಾಡುತ್ತೇನೆ" ಅಂದದ್ದು ಇದಕ್ಕೇ ಇರಬೇಕು. ಕಾಗದದ ಮೇಲೆ ಬರೆಯಲಾಗದ್ದು ಹಾಡುವವರ ಬಾಯಲ್ಲಿತ್ತು.

'ಸೋಮಾರಿತನಕ್ಕೆ ಹೊಗಳಿಕೆ' ಅನ್ನುವ ಹಾಡು ಯಾರಾದರೂ ಕೇಳಿದ್ದೀರಾ? ಪದ್ಯ ಲೆಸಿಂಗ್‌ನದು. 1784ರ ಕಂತಿನಲ್ಲಿದೆ. ಸೋಮಾರಿತನವೇ, ನಿನ್ನನ್ನು ಹೊಗಳಿ ಒಂದು ಹಾಡು ಕಟ್ಟಬೇಕು ಅಂತ ಹೊರಡುತ್ತಾನೆ. ಅಷ್ಟರಲ್ಲೇ ಕಷ್ಟ ಆಗುತ್ತದೆ. ಕೊನೆಗೆ ಆಕಳಿಕೆ ಬರುತ್ತದೆ, ಸುಸ್ತಾಗುತ್ತದೆ. ಕ್ಷಮಿಸು, ನಿನ್ನನ್ನು ಹಾಡಲು ಆಗುತ್ತಿಲ್ಲ, ನೀನೇ ಬಿಡುತ್ತಿಲ್ಲ ಅನ್ನುತ್ತಾನೆ. ಹೈಡನ್ ಇದಕ್ಕೆ ಹಾಕಿದ ಸ್ವರಗಳು ಅರ್ಧರ್ಧ ಮೆಟ್ಟಿಲಾಗಿ ಕೆಳಗೆ ಜಾರುತ್ತವೆ. ಭಾರವಾದ ಕಾಲು ಎಳೆದುಕೊಂಡು ಹೋದ ಹಾಗೆ. ನಡುವೆ ನಿಲ್ಲುತ್ತದೆ, ಮತ್ತೆ ಎದ್ದು ಎರಡು ಹೆಜ್ಜೆ ಇಡುತ್ತದೆ. ಇದನ್ನು ಹಾಡುವಾಗ ನಗದೆ, ಪೂರ್ತಿ ಶ್ರದ್ಧೆಯಿಂದ ಹಾಡಬೇಕು. ಆಗಲೇ ಅದರ ಸೊಗಸು. ತುಂಬ ಕಷ್ಟ. ಸ್ವರ ಸುಲಭ, ಹಾಡು ಕಷ್ಟ.

ಇನ್ನೊಂದು, ಗ್ಲೈಮ್‌ನ 'ಬದುಕು ಒಂದು ಕನಸು'. ಪದ್ಯದ ಶುರುವೂ ಅದೇ ಸಾಲು, ಕೊನೆಯೂ ಅದೇ ಸಾಲು. ನಡುವೆ ಬದುಕು ಅಂದರೆ ಏನು ಅನ್ನುವ ಪ್ರಶ್ನೆ. ಆ ಪ್ರಶ್ನೆಯ ಹತ್ತಿರ ಹೈಡನ್ ಹಾಡನ್ನು ನಿಲ್ಲಿಸುವ ರೀತಿ ಒಮ್ಮೆ ಗಮನಿಸಿ.


ಪದಪ್ರೇಮಿ

ಕಾವೇರಿತೀರ ಅವರ ಕವಿತೆಯ ತಕರಾರಿಗೆ ಒಂದು ಮಾತು. ಆ ಕವಿತೆಗಳು ನಮಗೆ ಪೊಳ್ಳು ಅನ್ನಿಸುತ್ತವೆ, ಒಪ್ಪುತ್ತೇನೆ. ಕೆಲವು ನಿಜವಾಗಿಯೂ ಪೊಳ್ಳೇ. ಆದರೆ ಕ್ಯುಪಿಡ್ ಪಕ್ಕದಲ್ಲೇ ಆ ಕಾಲದ ಕವಿ ಗೆಲ್ಲರ್ಟ್ ಧಾಟಿಯ ನೀತಿ ಇದೆ, ದೇವರ ಹಾಡು ಇದೆ, ತಂದೆಯ ಸಮಾಧಿಯ ಮುಂದೆ ನಿಂತು ಹಾಡುವ ಹಾಡು ಇದೆ. ಒಂದೇ ಪುಸ್ತಕದಲ್ಲಿ ತುಂಟತನ, ತೃಪ್ತಿ, ಸಾವು. ಓದುವವರು ಪುಟ ತಿರುಗಿಸುತ್ತಾ ಎಲ್ಲವನ್ನೂ ಅನುಭವಿಸಲಿ ಅನ್ನುವ ಜೋಡಣೆ ಅದು.

1766ರಲ್ಲೇ ವಿಯೆನ್ನಾದ ಪತ್ರಿಕೆಯೊಂದು ಕಾವ್ಯದಲ್ಲಿ ಗೆಲ್ಲರ್ಟ್ ಹೇಗೋ ಸಂಗೀತದಲ್ಲಿ ಹೈಡನ್ ಹಾಗೆ ಅಂತ ಬರೆದಿತ್ತು. ಇಂದು ಗೆಲ್ಲರ್ಟ್ ಹೆಸರು ಯಾರಿಗೂ ಗೊತ್ತಿಲ್ಲ. ಆಗ ಅವನೇ ಅತಿ ಹೆಚ್ಚು ಓದಿಸಿಕೊಂಡ ಕವಿ. ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ಒಳ್ಳೆಯದನ್ನು ಹೇಳುವುದು ಅವನ ದಾರಿ. ಹೈಡನ್ ಕೂಡ ಮುಪ್ಪಿನಲ್ಲಿ ತನ್ನ ಜೀವನಚರಿತ್ರೆ ಬರೆದ ಗ್ರೀಸಿಂಗರ್‌ಗೆ, ಸಿಂಫನಿಗಳಲ್ಲಿ ತಾನು ಎಷ್ಟೋ ಸಲ ನೈತಿಕ ಸ್ವಭಾವಗಳನ್ನು ಚಿತ್ರಿಸಿದ್ದೇನೆ ಅಂದ.

'ಹೆಣೆಯುವ ಹುಡುಗಿ' ಹಾಡು ಇನ್ನೂ ಸ್ವಾರಸ್ಯ. ಮೂಲ ಇಂಗ್ಲಿಷ್, ಸೆಡ್ಲಿ ಅನ್ನುವ ಕವಿ ಬರೆದದ್ದು. ಜರ್ಮನ್‌ಗೆ ತಂದವನು ಹೆರ್ಡರ್. ಜನರ ಹಾಡು ಅನ್ನುವ ಪದವನ್ನು ಜರ್ಮನ್ನರಿಗೆ ಕಲಿಸಿದವನೇ ಅವನು. ಬೇರೆ ಬೇರೆ ಜನಾಂಗಗಳ ಹಾಡು ಕೂಡಿಸಿ 1778, 1779ರಲ್ಲಿ ಪುಸ್ತಕ ಮಾಡಿದ. ಎರಡೇ ವರ್ಷದಲ್ಲಿ ಅವನ ಅನುವಾದ ಹೈಡನ್ ಕ್ಲಾವಿಯರ್ ಮೇಲೆ.


ಕಾವೇರಿತೀರ

ಚುಕ್ಕಿತಾಳ ಅವರ ಮಾತು ಕೇಳಿ ಆ ಲೆಸಿಂಗ್ ಹಾಡು ನಿನ್ನೆ ರಾತ್ರಿ ನಾಲ್ಕು ಸಲ ಕೇಳಿದೆ. ನನ್ನ ಅಭಿಪ್ರಾಯ ಒಂದು ಹೆಜ್ಜೆ ಹಿಂದೆ ಸರಿದಿದೆ. 'ಬದುಕು ಒಂದು ಕನಸು' ಇನ್ನೂ ಕೇಳಿಲ್ಲ.

ಆದರೂ ಒಂದು ಕಹಿ ಪ್ರಶ್ನೆ. ಸರಳ ಹಾಡು ಎಲ್ಲರ ಬಾಯಿಗೂ ಬರುತ್ತದೆ ಅಂದಿರಿ. ಹಾಗೆ ಬರುವುದು ಯಾವಾಗಲೂ ಒಳ್ಳೆಯದಕ್ಕೇನಾ? ಚಕ್ರವರ್ತಿ ಯೋಸೆಫ್ 1790ರಲ್ಲಿ ತೀರಿಹೋದ. ಫ್ರಾನ್ಸಿನ ಕ್ರಾಂತಿಯ ಭಯದಲ್ಲಿ ವಿಯೆನ್ನಾ ಮತ್ತೆ ಬಿಗಿಯಾಯಿತು. 1794ರಲ್ಲಿ ಪ್ರಜಾಪ್ರಭುತ್ವದ ಮಾತಾಡಿದವರನ್ನು ಹಿಡಿದು ಹಾಕಿದರು, ಕೆಲವರನ್ನು ಗಲ್ಲಿಗೇರಿಸಿದರು. 1797ರ ಫೆಬ್ರವರಿ 12ರಂದು ಚಕ್ರವರ್ತಿ ಫ್ರಾಂಟ್ಸ್ ಹುಟ್ಟುಹಬ್ಬಕ್ಕೆ ಹೈಡನ್‌ನ ಹೊಸ ಹಾಡನ್ನು ಜನರಿಂದ ಹಾಡಿಸಿದರು. ದೇವರು ನಮ್ಮ ಚಕ್ರವರ್ತಿಯನ್ನು ಕಾಪಾಡಲಿ ಅಂತ. ಪದ್ಯ ಬರೆದ ಹಶ್ಕಾ ಒಂದು ಕಾಲಕ್ಕೆ ಗ್ರೈನರ್ ಮನೆಯ ಗೆಳೆಯ, ಹೊಸ ವಿಚಾರಗಳವನು. ಅದೇ ಮನೆ, ಅದೇ ಸರಳತೆ, ಈಗ ಅರಸನ ಕೆಲಸಕ್ಕೆ. ಇದನ್ನು ಏನನ್ನಬೇಕು?


ಸಂಜೆಮಲ್ಲಿಗೆ

ಇದು ನನ್ನನ್ನೂ ಕಾಡಿದ ಪ್ರಶ್ನೆ. ಹಾಡಿಗೆ ತನ್ನ ಮಾತು ಆರಿಸಿಕೊಳ್ಳುವ ಶಕ್ತಿ ಇಲ್ಲ. ಅದೇ ರಾಗ ಹೈಡನ್‌ನ ಕ್ವಾರ್ಟೆಟ್ ಒಳಗೆ ಬಂತು, ಆಮೇಲೆ 1841ರಲ್ಲಿ ಇನ್ನೊಬ್ಬ ಹೋಫ್‌ಮನ್, ಕವಿ ಹೋಫ್‌ಮನ್ ಫಾನ್ ಫಾಲರ್ಸ್‌ಲೇಬೆನ್ ಬೇರೆ ಪದ ಹಾಕಿದ, ಇಂದು ಅದರ ಮೂರನೇ ನುಡಿ ಜರ್ಮನಿಯ ರಾಷ್ಟ್ರಗೀತೆ. ಆ ರಾಗದ ಮೇಲೆ ಎಷ್ಟು ಚರಿತ್ರೆ ಹೇರಿದ್ದಾರೆ ಅಂತ ನೆನೆದರೆ ಸಂಕಟ ಆಗುತ್ತದೆ. ಎಲ್ಲರ ಬಾಯಿಗೂ ಬರುವ ರಾಗ ಕಟ್ಟುವುದನ್ನು ಅವನು ಕಲಿತದ್ದು ಈ ಚಿಕ್ಕ ಹಾಡುಗಳಲ್ಲಿ ಅನ್ನುವುದಂತೂ ನನಗೆ ಖಂಡಿತ. ಅದನ್ನು ಯಾರು ಯಾವುದಕ್ಕೆ ಬಳಸಿದರು ಅನ್ನುವ ನೋವು ಹಾಗೇ ಇರಲಿ. ಅದನ್ನು ಮುಚ್ಚಬೇಕಿಲ್ಲ.

ನನಗೆ ಅತಿ ಹೆಚ್ಚು ಹೇಳಬೇಕಾದದ್ದು ಲಂಡನ್ ಹಾಡುಗಳ ಬಗ್ಗೆ.

1790ರ ಕೊನೆಯಲ್ಲಿ, 58ರ ವಯಸ್ಸಿನಲ್ಲಿ, ಹೈಡನ್ ಇಂಗ್ಲೆಂಡಿಗೆ ಹೊರಟ. ನಿಮಗೆ ಭಾಷೆ ಸಾಲದಲ್ಲ ಅಂತ ಮೊಜಾರ್ಟ್ ಚಿಂತೆ ಮಾಡಿದ. ನನ್ನ ಭಾಷೆ ಲೋಕಕ್ಕೆಲ್ಲ ಅರ್ಥವಾಗುತ್ತದೆ ಅಂದನಂತೆ ಹೈಡನ್. ನಾಲ್ಕೇ ವರ್ಷದಲ್ಲಿ ಅವನು ಇಂಗ್ಲಿಷ್ ಪದಗಳಿಗೆ ಹಾಡು ಬರೆದ. ಕಾರಣ ಆನ್ ಹಂಟರ್. ಕವಯಿತ್ರಿ. ಲೆಸ್ಟರ್ ಸ್ಕ್ವೇರ್‌ನಲ್ಲಿ ಮನೆ. ಗಂಡ ಜಾನ್ ಹಂಟರ್ ಆ ಕಾಲದ ದೊಡ್ಡ ಶಸ್ತ್ರವೈದ್ಯ. ಮನೆಯ ಒಂದು ಭಾಗದಲ್ಲಿ ಅವಳ ಗೆಳೆಯರ ಕೂಟ, ಕವಿತೆ, ಸಂಗೀತ. ಹಿಂಭಾಗದಲ್ಲಿ ಅವನ ಅಂಗರಚನೆಯ ಪಾಠ, ಜಾಡಿಗಳಲ್ಲಿ ಇಟ್ಟ ಮಾದರಿಗಳು. ಹೈಡನ್ ಮೂಗಿನಲ್ಲಿ ಒಂದು ದುರ್ಮಾಂಸ ಬೆಳೆದು ತೊಂದರೆ ಕೊಡುತ್ತಿತ್ತು. ಜಾನ್ ಹಂಟರ್ ಅದನ್ನು ತೆಗೆದೇ ತೀರಬೇಕು ಅಂತ ಒಂದು ದಿನ ಕರೆಸಿ, ಗಟ್ಟಿ ಆಳುಗಳಿಂದ ಹಿಡಿಸಿ ಕುರ್ಚಿಯಲ್ಲಿ ಕೂರಿಸಲು ನೋಡಿದ. ಹೈಡನ್ ಕೂಗಾಡಿ, ಒದ್ದಾಡಿ ಬಿಡಿಸಿಕೊಂಡು ಬಂದ. ಆ ದುರ್ಮಾಂಸ ಸಾಯುವವರೆಗೂ ಅವನ ಜೊತೆಗೇ ಇತ್ತು.

ಜಾನ್ ಹಂಟರ್ 1793ರಲ್ಲಿ ತೀರಿಹೋದ. ಮರುವರ್ಷ ಬಂದ ಆರು ಹಾಡುಗಳಿಗೂ ಆನ್ ಹಂಟರ್ ಪದಗಳು, ಅರ್ಪಣೆಯೂ ಆಕೆಗೇ. ಒಂದರಲ್ಲಿ ತಾಯಿ ಮಗಳಿಗೆ ತಲೆ ಬಾಚಿಕೋ, ಸಿಂಗಾರ ಮಾಡಿಕೋ ಅನ್ನುತ್ತಾಳೆ. ಊರಿನವರೆಲ್ಲ ಕುಣಿಯುತ್ತಿದ್ದಾರೆ. ಮಗಳು ಮಾತ್ರ ಅವನಿಲ್ಲದೆ ಯಾಕೆ ಅಂತ ಕೂತಿದ್ದಾಳೆ. ಕುರುಬರ ಹಾಡಿನ ಹಳೇ ಸಾಮಗ್ರಿಯೇ. ಆದರೆ ಈಗ ಸ್ವರಲಿಪಿ ಮೂರು ಸಾಲಿಗೆ ಬಂದಿದೆ. ಹಾಡುವವಳ ಸಾಲು ಬೇರೆ, ಪಿಯಾನೋ ಬೇರೆ. ಲಂಡನ್ನಿನ ಬ್ರಾಡ್‌ವುಡ್ ಪಿಯಾನೋಗಳ ತುಂಬಿದ ದನಿ ಕೇಳಿ ಬರೆದ ಕೈ ಅದು. ಪಿಯಾನೋ ಈಗ ಜೊತೆಗಾರನಾಗಿ ಮಾತಾಡುತ್ತದೆ.

ಎರಡನೇ ಕಂತಿನಲ್ಲಿರುವ ಶೇಕ್ಸ್‌ಪಿಯರ್ ಹಾಡಿಗೆ ಬರುತ್ತೇನೆ. 'ಟ್ವೆಲ್ತ್ ನೈಟ್' ನಾಟಕದಲ್ಲಿ ಗಂಡುವೇಷದಲ್ಲಿರುವ ವಯೋಲಾ ತನ್ನ ಪ್ರೀತಿಯನ್ನೇ ಬೇರೊಬ್ಬಳ ಕತೆ ಅನ್ನುವ ಹಾಗೆ ಹೇಳುತ್ತಾಳೆ. ಅವಳು ತನ್ನ ಪ್ರೀತಿಯನ್ನು ಯಾವತ್ತೂ ಹೇಳಲಿಲ್ಲ ಅಂತ. ಹೈಡನ್ ಇಲ್ಲಿ ಮಾಡಿದ್ದು ನೋಡಿ. ಪಿಯಾನೋ ಶುರುವಾಗುತ್ತದೆ, ನಿಧಾನವಾಗಿ. ಹಾಡು ಬರುವುದೇ ಇಲ್ಲ. ಪಿಯಾನೋ ಮುಂದುವರಿಯುತ್ತದೆ. ಈಗ ಬರುತ್ತಾಳೆ, ಈಗ ಬರುತ್ತಾಳೆ ಅಂತ ಕಾಯುತ್ತೇವೆ. ಇಷ್ಟು ಚಿಕ್ಕ ಹಾಡಿಗೆ ಇಷ್ಟು ಉದ್ದದ ಪೀಠಿಕೆ ಯಾರು ಕೊಡುತ್ತಾರೆ? ಹೇಳದೆ ಉಳಿದ ಪ್ರೀತಿ ಅಲ್ಲಿದೆ, ಅವಳ ಮೌನದಲ್ಲಿ. ಕೊನೆಗೆ ಬಾಯಿ ತೆರೆದಾಗಲೂ ತುಂಡು ತುಂಡಾಗಿ, ನಡುನಡುವೆ ನಿಲ್ಲಿಸಿ ಹಾಡುತ್ತಾಳೆ. ಪಿಯಾನೋ ಅವಳ ಬದಲು ಮಾತು ತುಂಬುತ್ತದೆ. ದುಃಖವನ್ನು ನೋಡಿ ನಗುತ್ತಿದ್ದಳು ಅನ್ನುವ ಸಾಲು ಬಂದಾಗ ನನಗೆ ಒಂದು ಸಲವೂ ದನಿ ನಡುಗದೆ ಹಾಡಲಾಗಿಲ್ಲ.

ಶೂಬರ್ಟ್ ಹುಟ್ಟುವ ಎರಡು ವರ್ಷ ಮೊದಲಿನ ಹಾಡು ಇದು.


ಚುಕ್ಕಿತಾಳ

ಆ ಹಾಡಿನ ಪೀಠಿಕೆ ಮುಗಿಯುವವರೆಗೆ ನಿಂತುಕೊಂಡಿರುವುದೇ ಒಂದು ಪಾಠ. ಕೈ ಏನು ಮಾಡಬೇಕು, ಕಣ್ಣು ಎಲ್ಲಿಡಬೇಕು ಅಂತಲೇ ತಿಳಿಯುವುದಿಲ್ಲ. ನನ್ನ ಗುರುಗಳು "ಏನೂ ಮಾಡಬೇಡ, ಕೇಳು" ಅಂದರು.

ಆನ್ ಹಂಟರ್ ಬರೆದ 'ಆತ್ಮದ ಹಾಡು' ಕೂಡ ಇದೇ ಸಾಲಿಗೆ ಸೇರಬೇಕು. ಸತ್ತವಳು ಬದುಕಿರುವವನಿಗೆ ಹೇಳುವ ಮಾತು: ಗೋರಿಯ ಮೇಲೆ ಅಳಬೇಡ, ನೀನು ಬರುವವರೆಗೆ ಕಾಯುತ್ತೇನೆ. ಈ ಹಾಡು ಕೇಳಿದವರು ಹೈಡನ್ ಬರೀ ಹಸನ್ಮುಖಿ ಅಂತ ಮತ್ತೆ ಹೇಳಲಾರರು.

ಒಂದು ವಿಷಯ ಬೇಸರ ತರುತ್ತದೆ. ಈ ಹಾಡುಗಳೆಲ್ಲ ಹೆಣ್ಣುಮಕ್ಕಳ ಕೈಗೆ ಬಂದವು. ಅವರೇ ಕೊಂಡರು, ಕಲಿತರು, ಹಾಡಿದರು. 1781ರ ಪುಸ್ತಕ ಅರ್ಪಣೆಯಾದದ್ದೂ ಒಬ್ಬ ಹುಡುಗಿಗೇ, ಫ್ರಾನ್ಸಿಸ್ಕಾ ಫಾನ್ ಕ್ರೊಯ್ಟ್ಸ್‌ನರ್. ಆದರೆ ಹಾಡು ನಡುಮನೆ ದಾಟುವ ಹಾಗಿರಲಿಲ್ಲ. ಒಳ್ಳೆಯ ಮನೆತನದ ಹುಡುಗಿ ವೇದಿಕೆ ಹತ್ತಿ ಹಾಡಿದರೆ ಹೆಸರು ಕೆಡುತ್ತದೆ ಅನ್ನುವ ಕಾಲ. ಆಮೇಲೆ ಬಂದವರು ಇವು ಮನೆ ಹಾಡು, ಚಿಕ್ಕ ಹಾಡು ಅಂತ ಬದಿಗಿಟ್ಟರು. ಯಾರ ಕೈಯಲ್ಲಿತ್ತು ಅನ್ನುವುದರಿಂದಲೇ ಬೆಲೆ ಕಡಿಮೆ ಆಯಿತು ಅಂತ ನನಗೆ ಅನ್ನಿಸುತ್ತದೆ.


ಹಳೇಗ್ರಾಮಫೋನ್

ಸ್ಕಾಟ್‌ಲ್ಯಾಂಡಿನ ಹಾಡುಗಳನ್ನು ಯಾರೂ ಹೇಳಲಿಲ್ಲ. ಸಾಲದಲ್ಲಿ ಮುಳುಗಿದ್ದ ವಿಲಿಯಂ ನೇಪಿಯರ್ ಅನ್ನುವ ಲಂಡನ್ ಪ್ರಕಾಶಕನಿಗೆ ಹೈಡನ್ 100 ಸ್ಕಾಟಿಷ್ ಹಾಡುಗಳಿಗೆ ಪಕ್ಕವಾದ್ಯ ಬರೆದುಕೊಟ್ಟ. 1792ರಲ್ಲಿ ಬಂತು. ಮನುಷ್ಯ ಬಚಾವಾದ. ಆಮೇಲೆ ಎಡಿನ್‌ಬರೋದ ಜಾರ್ಜ್ ಥಾಮ್ಸನ್‌ಗೆ 200ಕ್ಕೂ ಜಾಸ್ತಿ. ಎಲ್ಲ ಸೇರಿ 400ರ ಹತ್ತಿರ. ಕೊನೆಕೊನೆಯವನ್ನು ಶಿಷ್ಯ ನೊಯ್ಕೊಮ್ ಕೈಯಿಂದ ಮಾಡಿಸಿದ್ದೂ ಉಂಟು. ಥಾಮ್ಸನ್ ಪದಗಳಿಗೆ ಹಿಡಿದದ್ದು ಸ್ಕಾಟಿಷ್ ಕವಿ ರಾಬರ್ಟ್ ಬರ್ನ್ಸ್‌ನನ್ನು. ನಮ್ಮ ಬಿ.ಎಂ.ಶ್ರೀ ಇಂಗ್ಲಿಷ್ ಗೀತಗಳಲ್ಲಿ ಬರ್ನ್ಸ್‌ನನ್ನೂ ಕನ್ನಡಕ್ಕೆ ತಂದದ್ದು ನೆನಪಿದೆಯಲ್ಲ? ಅದೇ ಬರ್ನ್ಸ್.

ಮೈಸೂರಿನವನಾಗಿ ಇನ್ನೊಂದು ಮಾತು ಹೇಳದೆ ಇರಲಾರೆ, ವಿಷಯ ಸ್ವಲ್ಪ ಆಚೆ ಹೋದರೂ. ಪಿಯಾನೋ ಹಾಡಿನ ಈ ಪರಂಪರೆಗೆ ಜಯಚಾಮರಾಜ ಒಡೆಯರ್ ಮಾಡಿದ ಉಪಕಾರ ದೊಡ್ಡದು. ಲಂಡನ್ನಿನಲ್ಲಿ ಮುಪ್ಪಿನಲ್ಲಿದ್ದ ರಷ್ಯನ್ ಸಂಯೋಜಕ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟದ್ದು ಅವರೇ. ಅದರಲ್ಲಿ ಗ್ಯೋಥೆ ಕವಿತೆಗಳ ಹಾಡುಗಳೂ ಇವೆ, ಎಲಿಸಬೆತ್ ಶ್ವಾರ್ಟ್ಸ್‌ಕೋಫ್ ಹಾಡಿದ್ದಾರೆ, ಪಿಯಾನೋ ಸ್ವತಃ ಮೆಟ್ನರ್. 1950ರ ಮೇ 22ರಂದು ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗ ಲಂಡನ್ನಿನಲ್ಲಿ ಆದದ್ದೂ ಅವರ ಹಣದ ನೆರವಿನಿಂದ.

ಹೈಡನ್ ಕೇಳುವವರಿಗೆ: ಗಾಯಕಿ ಎಲ್ಲಿ (Elly) ಆಮೆಲಿಂಗ್ ಹಾಡಿ, ಯೋರ್ಗ್ ಡೆಮುಸ್ ಪಿಯಾನೋ ನುಡಿಸಿದ ಧ್ವನಿಮುದ್ರಣ ಹುಡುಕಿ. ಸ್ವಚ್ಛ ದನಿ, ಅಲಂಕಾರ ಹೆಚ್ಚಿಲ್ಲ.


ಡ್ಯಾನ್ಯೂಬ್ ದಂಡೆ

ಹನ್ನೊಂದು ವರ್ಷದಿಂದ ವಿಯೆನ್ನಾದಲ್ಲಿದ್ದೇನೆ. ಇಷ್ಟು ದಿನ ಓದಿದೆ, ಇವತ್ತು ಬರೆಯುತ್ತಿದ್ದೇನೆ.

ಹೈಡನ್ ಕೊನೆಯ 12 ವರ್ಷ ಇದ್ದ ಮನೆ ಈಗ ವಸ್ತುಸಂಗ್ರಹಾಲಯ. ಗುಂಪೆನ್‌ಡೋರ್ಫ್ ಅನ್ನುವ ಕಡೆ ಇದೆ. ಆಗ ಊರ ಹೊರಗೆ, ಈಗ ಪೇಟೆಯ ನಡುವೆ. ರಸ್ತೆಗೂ ಅವನದೇ ಹೆಸರು. ಮಲಗುವ ಕೋಣೆಯ ಗೋಡೆಗೆ ಅವನು ಚಿತ್ರಪಟ ಹಾಕಿರಲಿಲ್ಲ. ತಾನೇ ಬರೆದ 46 ಕ್ಯಾನನ್‌ಗಳನ್ನು, ಅಂದರೆ ಒಬ್ಬರ ಹಿಂದೆ ಒಬ್ಬರು ಅದೇ ರಾಗ ಹಿಡಿದು ಹಾಡುವ ಪುಟ್ಟ ಹಾಡುಗಳನ್ನು, ಚೌಕಟ್ಟು ಹಾಕಿಸಿ ತೂಗುಹಾಕಿದ್ದ. ಒಳ್ಳೆಯ ಚಿತ್ರ ಕೊಳ್ಳುವಷ್ಟು ಹಣ ಇರಲಿಲ್ಲ, ಅದಕ್ಕೇ ಎಲ್ಲರ ಹತ್ತಿರವೂ ಇಲ್ಲದ ಗೋಡೆ ಅಲಂಕಾರ ನಾನೇ ಮಾಡಿಕೊಂಡೆ ಅಂತ ಬಂದವರಿಗೆ ಹೇಳುತ್ತಿದ್ದ. ಆ ಪದಗಳಲ್ಲಿ ಲೆಸಿಂಗ್ ಇದ್ದಾನೆ, ಗೆಲ್ಲರ್ಟ್ ಇದ್ದಾನೆ. ಓದು ಕಡಿಮೆ ಅಂದಿರಲ್ಲ ಮೇಲೆ ಯಾರೋ. ನಿದ್ದೆಯಿಂದ ಎದ್ದ ಕೂಡಲೇ ಕಣ್ಣಿಗೆ ಬೀಳುವ ಕಡೆ ಕವಿಗಳನ್ನು ಇಟ್ಟುಕೊಂಡಿದ್ದ ಮನುಷ್ಯ.

ಇನ್ನೊಂದು ವಿಷಯ ಅಲ್ಲಿ ನಿಂತಾಗ ನೆನಪಾಯಿತು. ಹೈಡನ್ ತಂದೆ ಗಾಡಿಯ ಚಕ್ರ ಮಾಡುವವನು, ರೊರಾವ್ ಅನ್ನುವ ಹಳ್ಳಿ. ಸ್ವರಲಿಪಿ ಗೊತ್ತಿರಲಿಲ್ಲ. ಸಂಜೆ ಹಾರ್ಪ್ ಮೀಟಿಕೊಂಡು ಹಾಡುತ್ತಿದ್ದ. ಆ ಹಾಡುಗಳೆಲ್ಲ ಹೈಡನ್‌ಗೆ ತುಂಬ ಮುಪ್ಪಿನಲ್ಲೂ ನೆನಪಿದ್ದವು. ಬರ್ಲಿನ್ನಿನವರು ಪುಸ್ತಕ ಬರೆದು ವಾದಿಸಿದ ಸರಳತೆ ಇವನಿಗೆ ಮನೆಯಲ್ಲೇ ಕಿವಿಗೆ ಬಿದ್ದಿತ್ತು.


ಕಾವೇರಿತೀರ

ಆ 'ಓದು ಕಡಿಮೆ' ಎತ್ತಿದವನು ನಾನೇ. ಗೋಡೆಯ ಮೇಲಿನ ಕ್ಯಾನನ್‌ಗಳ ವಿಷಯ ನನಗೆ ಗೊತ್ತಿರಲಿಲ್ಲ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಶೇಕ್ಸ್‌ಪಿಯರ್ ಹಾಡನ್ನೂ ಕೇಳಿದೆ. ಪೀಠಿಕೆಯ ಹೊತ್ತಿಗೆ ಅಡುಗೆಮನೆಯಲ್ಲಿ ಮಾತಾಡುತ್ತಿದ್ದ ನನ್ನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಹಾಡು ಮುಗಿದ ಮೇಲೆ "ಯಾರದು?" ಅಂತ ಕೇಳಿದಳು. 'ಸರಳ ಹಾಡು, ಅಭ್ಯಾಸಕ್ಕೆ' ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಜರ್ಮನ್ ಹಾಡುಗಳಲ್ಲಿ ಅರ್ಧದಷ್ಟು ಇನ್ನೂ ನನಗೆ ಹಿಡಿಸಿಲ್ಲ. ಅದನ್ನು ಹಾಗೇ ಹೇಳುತ್ತೇನೆ.


ಸಂಜೆಮಲ್ಲಿಗೆ

ಅರ್ಧ ಹಿಡಿಸಿದರೆ 12 ಹಾಡು. ಅದೇ ಜಾಸ್ತಿ ಆಯಿತು ನನಗೆ.

ಚುಕ್ಕಿತಾಳ, ಮುಂದಿನ ತಿಂಗಳು ನಮ್ಮ ಮನೆಯಲ್ಲಿ ಎಂಟು ಹತ್ತು ಜನ ಸೇರಿ ಇವನ್ನು ಹಾಡೋಣ ಅಂತ ಇದ್ದೇವೆ. ವೇದಿಕೆ ಇಲ್ಲ, ಮೈಕ್ ಇಲ್ಲ. ಸೋಮಾರಿತನದ ಹಾಡು ನೀವು ಹಾಡಿ. ನಾನು ನುಡಿಸುತ್ತೇನೆ. ನಿಮ್ಮ ದನಿಗೆ ಯಾವ ಶ್ರುತಿ ಬೇಕು ಅಂತ ಮಾತ್ರ ಮೊದಲೇ ತಿಳಿಸಿ. ಸ್ವರ ಇಳಿಸಿ ಬರೆದುಕೊಳ್ಳಲು ನನಗೆ ಒಂದು ವಾರ ಬೇಕು.